ಎರಡನೇ ಮನೆಗೆ ಇಂಟರ್ನೆಟ್, ಟಿವಿ: ಬೀಗ ಹಾಕಿದ ದಿನಗಳಿಂದ ಲೆಕ್ಕ ಹಿಡಿದದ್ದು

ಆಗಾಗ ಹೋಗಿ ಇದ್ದು ಬರುವ ಮನೆಗೆ ಇಂಟರ್ನೆಟ್ ಆರಿಸುವಾಗ ವೇಗದ ಪಟ್ಟಿಗಿಂತ ಮೊದಲು ನಾನು ಕೈಗೆತ್ತಿಕೊಂಡದ್ದು ಹಿಂದಿನ ವರ್ಷದ ಕ್ಯಾಲೆಂಡರ್. ಅಲ್ಲಿ ರಾತ್ರಿ ತಂಗಿದ ದಿನಗಳನ್ನೆಲ್ಲ ಗುರುತು ಹಾಕಿದರೆ ಎರಡು ಲೆಕ್ಕ ಸಿಗುತ್ತವೆ: ಒಟ್ಟು ಎಷ್ಟು ದಿನ, ಆ ದಿನಗಳು ಎಷ್ಟು ಬಿಲ್ ತಿಂಗಳುಗಳಲ್ಲಿ ಹರಡಿವೆ. ಆಯ್ಕೆಯನ್ನು ತೀರ್ಮಾನಿಸುವುದು ಎರಡನೆಯದು. 60 ದಿನ ಒಂದೇ ಸಮನೆ ಇದ್ದರೆ ಎರಡು ಮೂರು ಬಿಲ್‌ಗೆ ಮುಗಿಯಿತು. ಅದೇ 60 ದಿನ ತಿಂಗಳಿಗೆ ಐದರಂತೆ ಹಂಚಿಹೋದರೆ 12 ಬಿಲ್. ಮೊದಲನೆಯ ರೀತಿಯವರಿಗೆ ನಡುನಡುವೆ ನಿಲ್ಲಿಸಬಹುದಾದ ಫೈಬರ್ ಅಥವಾ ಕೇಬಲ್ ಲಾಭ. ಎರಡನೆಯವರಿಗೆ ಆ ಸೌಲಭ್ಯ ಇದ್ದರೂ ಉಪಯೋಗವಿಲ್ಲ. ದಿನದ ಅಥವಾ ವಾರದ ಪ್ಯಾಕ್ ಹಾಕಿಸಬಹುದಾದ ಸಿಮ್ಮೇ ಸರಿ.

‘ಬೇಡವಾದಾಗ ನಿಲ್ಲಿಸಬಹುದು’ ಎಂಬ ಮಾತನ್ನು ಹಾಗೆಯೇ ನಂಬಬೇಡಿ, ಒಳಗಿನ ಷರತ್ತುಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ. ಒಮ್ಮೆ ನಿಲ್ಲಿಸಿದರೆ ಕನಿಷ್ಠ ಎಷ್ಟು ದಿನ, ಗರಿಷ್ಠ ಎಷ್ಟು ದಿನ? ವರ್ಷಕ್ಕೆ ಎಷ್ಟು ಸಲ? ನಿಂತಿರುವಾಗಲೂ ಮೋಡೆಮ್ ಬಾಡಿಗೆ ಓಡುತ್ತದೆಯೇ? ನಿಲ್ಲಿಸಿದಷ್ಟು ತಿಂಗಳು ಒಪ್ಪಂದದ ಅವಧಿ ಮುಂದಕ್ಕೆ ಬೆಳೆಯುತ್ತದೆಯೇ? ಗರಿಷ್ಠ ಅವಧಿ ಮುಗಿದ ಮೇಲೆ ನಿಮ್ಮನ್ನು ಕೇಳದೆಯೇ ಪೂರ್ತಿ ಬಿಲ್ ಶುರುವಾಗುತ್ತದೆಯೇ? ಹೆಚ್ಚಿನವರು ಹಣ ಕಳೆದುಕೊಳ್ಳುವುದು ಈ ಕೊನೆಯದರಲ್ಲಿ.

ಆಮೇಲಿನ ಪ್ರಶ್ನೆ, ಬೀಗ ಹಾಕಿರುವಾಗ ಮನೆಗೆ ಇಂಟರ್ನೆಟ್ ಬೇಕೇ? ನೀರು ಸೋರಿದರೆ, ಕರೆಂಟ್ ಹೋದರೆ ತಿಳಿಸುವ ಸೆನ್ಸರ್‌ಗಳಿಗೆ ತಿಂಗಳಿಗೆ ಕೆಲವು ಎಂಬಿ ಸಾಕು, ಅತಿ ಚಿಕ್ಕ ಪ್ಯಾಕ್‌ನಲ್ಲೇ ನಡೆಯುತ್ತದೆ. ಕ್ಯಾಮೆರಾ ಬಂದರೆ ಲೆಕ್ಕ ಬೇರೆ. 2 ಎಂಬಿಪಿಎಸ್‌ನಲ್ಲಿ ಬಿಡದೆ ಕಳಿಸುವ ಒಂದು ಕ್ಯಾಮೆರಾ ಗಂಟೆಗೆ 900 ಎಂಬಿ, ದಿನಕ್ಕೆ 21.6 ಜಿಬಿ, 30 ದಿನಕ್ಕೆ 648 ಜಿಬಿ ತಿನ್ನುತ್ತದೆ. ಅದನ್ನೇ ಚಲನೆ ಕಂಡಾಗ ಮಾತ್ರ ಕಳಿಸುವಂತೆ ಮಾಡಿ, ಉಳಿದದ್ದೆಲ್ಲ ಅದರೊಳಗಿನ ಮೆಮೊರಿ ಕಾರ್ಡಿಗೆ ಹೋಗುವಂತೆ ಇಟ್ಟರೆ, ದಿನಕ್ಕೆ 15 ಸೆಕೆಂಡಿನ 20 ತುಣುಕು ಎಂದುಕೊಂಡರೂ 75 ಎಂಬಿ, ತಿಂಗಳಿಗೆ 2.25 ಜಿಬಿ. ಈ ಲೆಕ್ಕ ತಪ್ಪಿಸುವುದು ಜೇಡರ ಬಲೆ. ರಾತ್ರಿ ಕ್ಯಾಮೆರಾದ ಬಳಿಗೆ ಹುಳು ಬರುತ್ತವೆ, ಹುಳುವಿಗೆ ಜೇಡ ಬರುತ್ತದೆ, ಕಣ್ಣಿನ ಮುಂದೆ ಅಲುಗಾಡುವ ಎಳೆಯನ್ನು ಕ್ಯಾಮೆರಾ ಮನುಷ್ಯನೆಂದು ತಿಳಿಯುತ್ತದೆ. ಗಮನಿಸಬೇಕಾದ ಜಾಗವನ್ನು ಬಾಗಿಲಿನಷ್ಟಕ್ಕೇ ಸೀಮಿತಗೊಳಿಸಿ. ಮರದ ಕೊಂಬೆ ಚೌಕಟ್ಟಿನೊಳಗೆ ಬರದಂತೆ ತಿರುಗಿಸಿ.

ಮೊಬೈಲ್ ಸಿಮ್ ಹಾಕಿ ಮನೆಗೆ ವೈಫೈ ಕೊಡುವ ಸಿಮ್ ರೌಟರ್‌ನಲ್ಲಿ ಇನ್ನೊಂದು ತೊಡಕಿದೆ. ಮೊಬೈಲ್ ಕಂಪನಿಗಳು ಹಲವು ಗ್ರಾಹಕರಿಗೆ ಸೇರಿ ಒಂದೇ ಸಾರ್ವಜನಿಕ ಇಂಟರ್ನೆಟ್ ವಿಳಾಸ (ಐಪಿ) ಕೊಡುವುದೇ ಹೆಚ್ಚು. ಬ್ರೌಸರ್‌ನಲ್ಲಿ ತೆರೆಯುವ ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಕಾಣುವ ಹೊರವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಹೊರಗಿನಿಂದ ನೇರವಾಗಿ ಮನೆಯ ಸಾಧನಗಳನ್ನು ತಲುಪಲಾಗದು. ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದಿಟ್ಟೂ ಪ್ರಯೋಜನವಿಲ್ಲ. ತಾನಾಗಿ ಹೊರಕ್ಕೆ ಸಂಪರ್ಕ ಕಟ್ಟುವ ಕ್ಯಾಮೆರಾ ಆ್ಯಪ್‌ಗಳು ಮಾತ್ರ ನಡೆಯುತ್ತವೆ. ಇಲ್ಲವಾದರೆ ಆ ಮನೆಯ ರೌಟರ್‌ನಿಂದ ಮುಖ್ಯ ಮನೆಯ ರೌಟರ್‌ಗೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಸುರಂಗ (ಎರಡು ಮನೆಗಳ ನಡುವಿನ ಖಾಸಗಿ ಸಂಪರ್ಕ) ಹಾಕಿ, ಸಂಪರ್ಕ ಕಡಿಯದಂತೆ 25 ಸೆಕೆಂಡಿಗೊಮ್ಮೆ ಎಚ್ಚರವಿಡುವ ಆಯ್ಕೆಯನ್ನು (ಕೀಪ್‌ಅಲೈವ್) ಆನ್ ಮಾಡಿ. ಇದಕ್ಕೆ ಮುಖ್ಯ ಮನೆಯಲ್ಲಾದರೂ ನಿಜವಾದ ಸಾರ್ವಜನಿಕ ವಿಳಾಸ ಇರಬೇಕು.

ಸಿಗ್ನಲ್ಲನ್ನು ಫೋನಿನ ಕಡ್ಡಿಗಳಿಂದ ಅಳೆಯಬೇಡಿ. ರೌಟರ್ ಪುಟದಲ್ಲಿ ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಬಲ: -80 ಡಿಬಿಎಂ ಸುತ್ತ ಇದ್ದರೆ ಬಹಳ ಒಳ್ಳೆಯದು, -100ರ ತನಕ ನಡೆಯುತ್ತದೆ, -110 ದಾಟಿದರೆ ಕಷ್ಟ. ಎರಡನೆಯದು ಸ್ಪಷ್ಟತೆ: 20 ಡಿಬಿ ಮೇಲಿದ್ದರೆ ಅತ್ಯುತ್ತಮ, 0ಗಿಂತ ಕೆಳಗೆ ಇಳಿದರೆ ಬಲ ಎಷ್ಟಿದ್ದರೂ ವೇಗ ಬಾರದು. ನಾನು ರೌಟರನ್ನು ಪ್ರತಿ ಕಿಟಕಿಯ ಬಳಿ ಐದು ನಿಮಿಷ ಇಟ್ಟು ಈ ಎರಡನ್ನೂ ಬರೆದುಕೊಂಡು ಜಾಗ ತೀರ್ಮಾನಿಸಿದೆ. ಪರೀಕ್ಷೆಯನ್ನು ವಾರಾಂತ್ಯದ ರಾತ್ರಿ 8ರಿಂದ 10ರೊಳಗೆ ಮಾಡುವುದು ಮುಖ್ಯ. ರಜೆಗೆ ಜನ ಸೇರುವ ಊರುಗಳಲ್ಲಿ ಟವರ್ ತುಂಬಿ ತುಳುಕುವುದು ನೀವು ಅಲ್ಲಿರುವ ದಿನಗಳಲ್ಲೇ. ಮಂಗಳವಾರ ಬೆಳಗ್ಗೆ ಸಿಕ್ಕ ವೇಗ ಏನನ್ನೂ ಹೇಳುವುದಿಲ್ಲ.

ಸಿಗ್ನಲ್ ಕಡಿಮೆಯಿದ್ದರೆ ಹೊರಗೆ ಆಂಟೆನಾ ಹಾಕುವವರು ಕೇಬಲ್ಲಿನ ನಷ್ಟ ಮರೆಯುತ್ತಾರೆ. ತೆಳ್ಳನೆಯ ಆಂಟೆನಾ ಕೇಬಲ್ 10 ಮೀಟರ್ ಎಳೆದರೆ 2 ಗಿಗಾಹರ್ಟ್ಜ್ ಸುತ್ತ 6 ಡಿಬಿಯಷ್ಟು ಅದರಲ್ಲೇ ಕರಗಿ, ಆಂಟೆನಾ ಗಳಿಸಿಕೊಟ್ಟದ್ದು ಬಹುಪಾಲು ಹೋಗುತ್ತದೆ. ರೌಟರ್ರೇ ಹೊರಗೆ ಗೋಡೆಯ ಮೇಲೆ ಕೂರುವ, ಈಥರ್ನೆಟ್ ತಂತಿಯಲ್ಲೇ ಕರೆಂಟ್ ಪಡೆಯುವ ಮಾದರಿ ಇದಕ್ಕಿಂತ ಎಷ್ಟೋ ವಾಸಿ. ಈಥರ್ನೆಟ್ 100 ಮೀಟರ್ ತನಕ ಧಾರಾಳವಾಗಿ ಎಳೆಯಬಹುದು. ಮುಖ್ಯ ಮನೆಯ ಸಿಮ್ ರೌಟರನ್ನೇ ಹೊತ್ತೊಯ್ಯುವ ಯೋಚನೆ ಇದ್ದರೆ ಆ ಪ್ಲಾನ್ ಒಂದು ವಿಳಾಸಕ್ಕೆ ಕಟ್ಟಿಹಾಕಿದ್ದೇ ಎಂದು ಮೊದಲು ಕೇಳಿ.

ಖಾಲಿ ಮನೆಯಲ್ಲಿ ರೌಟರ್ ಹಟ ಹಿಡಿದು ನಿಂತರೆ ಎಬ್ಬಿಸುವವರಿಲ್ಲ. ಸ್ಮಾರ್ಟ್ ಪ್ಲಗ್‌ನಿಂದ ಆಫ್ ಮಾಡಿ ಆನ್ ಮಾಡೋಣ ಎಂದರೆ, ಆ ಪ್ಲಗ್ ಅದೇ ರೌಟರ್‌ನ ವೈಫೈ ಮೇಲೆ ಬದುಕುತ್ತದೆ: ಆಫ್ ಆದದ್ದು ಮತ್ತೆ ಆನ್ ಆಗುವ ದಾರಿಯೇ ಇರುವುದಿಲ್ಲ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ ದಿನಕ್ಕೊಮ್ಮೆ ಬೆಳಗಿನ ಜಾವ ಐದು ನಿಮಿಷ ಕರೆಂಟ್ ಕಡಿತಗೊಳಿಸಿದರೆ ಸಾಕು. ತಿರುಗುವ ಡಯಲ್ ಟೈಮರ್ ಬೇಡ. ಕರೆಂಟ್ ಹೋದಾಗಲೆಲ್ಲ ಅದರ ಗಡಿಯಾರ ಹಿಂದೆ ಬೀಳುತ್ತದೆ. ಸಿಮ್‌ನ ಅವಧಿ ಮುಗಿಯುತ್ತಿದೆ ಎಂಬ ಎಸ್‌ಎಂಎಸ್ ರೌಟರ್ ಒಳಗಿನ ಇನ್‌ಬಾಕ್ಸ್‌ನಲ್ಲಿ ಯಾರೂ ಓದದೆ ಬಿದ್ದಿರುತ್ತದೆ; ಆದ್ದರಿಂದ ರೀಚಾರ್ಜ್ ದಿನಾಂಕವನ್ನು ನಿಮ್ಮ ಫೋನಿನ ಕ್ಯಾಲೆಂಡರಿಗೇ ಹಾಕಿಕೊಳ್ಳಿ.

ಫೈಬರ್ ಬಂದಿರುವ ಕಡೆ ವೇಗದ ಚಿಂತೆಯಿಲ್ಲ, ಆದರೆ ಕೆಟ್ಟದ್ದು ತಡವಾಗಿ ತಿಳಿಯುತ್ತದೆ. ಇಲಿ ಕಡಿದದ್ದೋ ಕೊಂಬೆ ಬಿದ್ದದ್ದೋ, ನೀವು ಬಾಗಿಲು ತೆರೆದಾಗ ಫೈಬರ್ ಪೆಟ್ಟಿಗೆಯಲ್ಲಿ ಸಿಗ್ನಲ್ ಬರುತ್ತಿಲ್ಲ ಎನ್ನುವ ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತಿರುತ್ತದೆ, ರಿಪೇರಿಗೆ ಬರುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಸಂಪರ್ಕ ತಪ್ಪಿದ ಕೂಡಲೇ ಫೋನಿಗೆ ಸೂಚನೆ ಬರುವಂತೆ ಇಟ್ಟರೆ ಹೊರಡುವ ಮುಂಚೆಯೇ ದೂರು ಕೊಡಬಹುದು. ತಂತಿಯೂ ಟವರೂ ಇಲ್ಲದ ಕಡೆ ಉಪಗ್ರಹ: ಸುಮಾರು 550 ಕಿ.ಮೀ. ಎತ್ತರದವು ವಿಡಿಯೋ ಕರೆಗೂ ಆಗುತ್ತವೆ, 35,786 ಕಿ.ಮೀ. ಎತ್ತರದ ಹಳೆಯ ಬಗೆಯಲ್ಲಿ ಹೋಗಿಬರುವ ವಿಳಂಬ 600 ಮಿಲಿಸೆಕೆಂಡ್ ಸುತ್ತ ಇದ್ದು ಮಾತು ಮಾತಿಗೆ ಅಡ್ಡ ಬರುತ್ತದೆ.

ಇನ್ನು ಟಿವಿ. ಇಂಟರ್ನೆಟ್ ಮೇಲೆಯೇ ನೋಡುವುದಾದರೆ ಎಚ್‌ಡಿಗೆ ಗಂಟೆಗೆ ಸುಮಾರು 3 ಜಿಬಿ, 4ಕೆಗೆ 7 ಜಿಬಿ ಹಿಡಿಯಿರಿ. ಸಂಜೆಗೆ ನಾಲ್ಕು ಗಂಟೆಯಾದರೆ ಎಚ್‌ಡಿಯಲ್ಲೇ 12 ಜಿಬಿ. ಸಿಮ್ ಮೇಲಿರುವವರು ಆ್ಯಪ್ ಒಳಗೇ ಗುಣಮಟ್ಟ ಇಳಿಸಿಡಬೇಕು, ಲ್ಯಾಪ್‌ಟಾಪ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್’ (ಡೇಟಾ ಮಿತಿಯಿರುವ ಸಂಪರ್ಕ) ಎಂದು ಗುರುತಿಸಬೇಕು. ಇಲ್ಲದಿದ್ದರೆ ಮೊದಲ ರಾತ್ರಿಯ ಅಪ್‌ಡೇಟ್‌ಗಳೇ ಪ್ಯಾಕ್ ಮುಗಿಸುತ್ತವೆ. ಕೆಲವು ಸ್ಟ್ರೀಮಿಂಗ್ ಸೇವೆಗಳು ಖಾತೆಯನ್ನು ಒಂದೇ ಮನೆಗೆ ಸೀಮಿತಗೊಳಿಸುತ್ತವೆ. ನೆಟ್‌ಫ್ಲಿಕ್ಸ್ 2023ರಲ್ಲಿ ಇದನ್ನು ಹಲವು ದೇಶಗಳಿಗೆ ವಿಸ್ತರಿಸಿತು. ಎರಡನೇ ಮನೆಯ ಟಿವಿ ಕೋಡ್ ಕೇಳಿದರೆ ಅದು ಖಾತೆದಾರರ ಫೋನಿಗೆ ಅಥವಾ ಇಮೇಲಿಗೆ ಬರುತ್ತದೆ, ಅವರು ಅತ್ತ ಸಿಗುವಂತಿರಬೇಕು.

ಡಿಶ್ ಇದ್ದರೆ ಚಂದಾ ಕಟ್ಟಿದರೂ ಚಾನೆಲ್ ಬಾರದೆ ಹೋಗುವುದುಂಟು. ಅನುಮತಿಯ ಸಂಕೇತ ಉಪಗ್ರಹದಿಂದ ಆಗಾಗ ಬರುವಂಥದ್ದು, ಬಾಕ್ಸ್ ಆನ್ ಇದ್ದಾಗ ಮಾತ್ರ ಒಳಸೇರುತ್ತದೆ. ವಾರಗಟ್ಟಲೆ ಆಫ್ ಇದ್ದ ಬಾಕ್ಸ್ ಅದನ್ನು ಕಳೆದುಕೊಂಡಿರುತ್ತದೆ. ಚಂದಾ ಇರುವ ಒಂದು ಚಾನೆಲ್ ಹಾಕಿ ಅರ್ಧ ಗಂಟೆ ಬಿಡಿ. ಬಾರದಿದ್ದರೆ ಆ್ಯಪ್‌ನಿಂದ ಸಂಕೇತ ಮತ್ತೆ ಕಳಿಸುವಂತೆ ಕೋರಿ. ಹೊರಗಿನ ಕೇಬಲ್ ತುದಿಗೆ ನೀರಿಳಿದರೂ ಇದೇ ಥರ ಕಾಣುತ್ತದೆ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಗೋಡೆಯೊಳಗೆ ಹೋಗುವ ಮುನ್ನ ಕೇಬಲ್ಲನ್ನು ಕೆಳಕ್ಕೆ ಒಂದು ಬಳುಕು ಕೊಟ್ಟರೆ ಹನಿ ಅಲ್ಲೇ ಉದುರುತ್ತದೆ.

ಬೀಗ ಹಾಕುವ ದಿನ ಟಿವಿಯ ಪ್ಲಗ್ ಕಿತ್ತರಷ್ಟೇ ಸಾಲದು. ಸಿಡಿಲು ಡಿಶ್ ಕೇಬಲ್ಲಿನಿಂದಲೂ, ತಾಮ್ರದ ಫೋನ್ ತಂತಿಯಿಂದಲೂ ಬರುತ್ತದೆ, ಅವನ್ನೂ ಬಿಚ್ಚಿಡಿ. ರಿಮೋಟ್‌ಗಳ ಬ್ಯಾಟರಿ ತೆಗೆಯಿರಿ, ಸೋರಿದರೆ ರಿಮೋಟೇ ಹೋಗುತ್ತದೆ. ನಿಲ್ಲಿಸಿದ ಸಂಪರ್ಕವನ್ನು ಮತ್ತೆ ಶುರುಮಾಡಿಸುವ ಕರೆಯನ್ನು ಹೊರಡುವ ದಿನವಲ್ಲ, ಮೂರು ದಿನ ಮುಂಚೆ ಮಾಡಿ.