ಹೆಗ್ಗಣ ತೂಗಿ ಗದ್ದೆ ಉಳಿಸ್ಕೊಂಡಿದ್ದು: ನನ್ನ ಅನುಭವ

ಗದ್ದೆ ಹೆಗ್ಗಣಕ್ಕೆ ಬೋನು ಇಡೋದು ಹೆಂಗೆ ಅಂತ ನಿಮ್ಗೆಲ್ಲ ಗೊತ್ತು, ಅದ್ನ ಹೇಳಲ್ಲ. ನಾನು ಹೇಳೋದು ಬೋನಿಗೆ ಬಿದ್ದ ಮೇಲೆ ತೂಗೋ ವಿಷ್ಯ. ತೀರ್ಥಹಳ್ಳಿ ಕಡೆ ನಮ್ದು ಒಂದೂವರೆ ಎಕರೆ ಬೈಲು ಗದ್ದೆ, ಅಂದ್ರೆ ತಗ್ಗಿನ ಗದ್ದೆ, ಮೇಲೆ ಚೂರು ಮಕ್ಕಿ, ಅಂದ್ರೆ ಎತ್ತರದ ಗದ್ದೆ. ಹೆಗ್ಗಣ ತೂಗ್ತಾನೆ ಅಂತ ಊರಲ್ಲಿ ನನ್ಗೆ ಹೆಗ್ಗಣದ ಡಾಕ್ಟ್ರು ಅಂತ ಹೆಸ್ರೇ ಇಟ್ಬಿಟ್ಟಿದ್ರು. ಈಗ ಹೆಸ್ರಿಟ್ಟೋರ ಗದ್ದೆ ಅಂಚಲ್ಲಿ (ಬದುವಲ್ಲಿ) ತೂತು ಬಿದ್ದು ನೀರು ಹೋಗ್ತಿದೆ, ನಮ್ದ್ರಲ್ಲಿ ನಿಂತಿದೆ, ಅದಕ್ಕೇ ಬರೀತಿದೀನಿ.

ಮೊದ್ಲು ದುಡ್ಡು ಕಳ್ಕೊಂಡಿದ್ದು. ಆನ್‌ಲೈನಲ್ಲಿ ಸೋಲಾರ್ ಕಡ್ಡಿ ಬರುತ್ತಲ್ಲ, ಮಣ್ಣಿಗೆ ಚುಚ್ಚಿದ್ರೆ ಆಗಾಗ ಗುಂಯ್ ಅನ್ನುತ್ತೆ, ಅದ್ರ ಸದ್ದಿಗೆ ಹೆಗ್ಗಣ ಊರು ಬಿಡುತ್ತೆ ಅಂತ, ಎರಡೂವರೆ ಸಾವಿರದ ಹತ್ರ ಕೊಟ್ಟು ನಾಲ್ಕು ತರಿಸ್ದೆ. ಒಂದು ವಾರಕ್ಕೆ ಕಡ್ಡಿ ಬುಡದಲ್ಲೇ ಹೊಸ ಮಣ್ಣು ಗುಡ್ಡೆ ಹಾಕಿತ್ತು ಮಾರಾಯ್ರೆ! ಬಾಕ್ಸ್ ಮೇಲಿನ ಚಿತ್ರ ಸರಿಯಾಗಿ ನೋಡಿದ್ರೆ ಅದು ನಮ್ಮ ಪ್ರಾಣಿನೇ ಅಲ್ಲ, ಫಾರಿನಲ್ಲಿ ನೆಲ ಕೊರೆದು ಹುಲ್ಲುಹಾಸು ಕೆಡಿಸೋ ಮೋಲ್ ಅನ್ನೋ ಪ್ರಾಣಿ. ಅದು ಬೇರೇನೇ ಜಾತಿ. ಯುರೋಪಿನ ಮೋಲ್ ಅಂದ್ರೆ ಹನ್ನೆರಡ್ರಿಂದ ಹದಿನೈದು ಸೆಂಟಿಮೀಟರ್ ಉದ್ದ, ನೂರು ಗ್ರಾಂ ಆಚೀಚೆ, ತಿನ್ನೋದು ಎರೆಹುಳ, ಸಾಮಾನ್ಯವಾಗಿ ವರ್ಷಕ್ಕೊಂದೇ ಸಲ ಮೂರ್ನಾಲ್ಕು ಮರಿ, ಮೂರು ವರ್ಷ ಬದುಕಿದ್ರೆ ದೊಡ್ಡದು. ನಮ್ಮ ದೇಶದಲ್ಲಿ ಮೋಲ್ ಬೇಕು ಅಂದ್ರೆ ಡಾರ್ಜಿಲಿಂಗ್, ಸಿಕ್ಕಿಂ ಕಡೆಗೆ ಹೋಗ್ಬೇಕು, ಘಟ್ಟದಲ್ಲಿ ಇಲ್ವೇ ಇಲ್ಲ. ಅಳಿಯ ಬೆಂಗಳೂರಿಂದ ಫೋನ್ ಮಾಡಿ ಮಾವ, ಫಾರಿನಲ್ಲೆಲ್ಲ ಮೋಲ್ ಗೂಡಿಗೆ ಹರಳೆಣ್ಣೆ ಸುರೀತಾರಂತೆ ಅಂದ, ಅದೂ ಆಯ್ತು. ಎಣ್ಣೆ ಹೋಯ್ತು ಅಷ್ಟೇ, ಮಳೆಗೆ ಅಂಚು ಜಾರಿದ್ದು ಲಾಭ.

ಪಾಷಾಣದ್ದು ನಿಮ್ಗೂ ಗೊತ್ತು. ಎರಡ್ಮೂರು ದಿನ ಬರೀ ಅಕ್ಕಿ ಎಣ್ಣೆ ಇಟ್ಟು ರೂಢಿ ಮಾಡ್ಸಿ ಆಮೇಲೆ ಇಟ್ರೆ ಮೊದಲ್ನೇ ಸಲ ಸಾಯ್ತವೆ, ಉಳಿದವು ಆ ಕಡೆ ಮೂಸೂ ನೋಡಲ್ಲ. ಮೇಲಿಂದ ಅದನ್ನ ಮನೆ ನಾಯಿ ಬೆಕ್ಕು ತಿನ್ನದಂಗೆ ಕಾಯೋ ಕೆಲ್ಸ. ಹುಡುಗ್ರಿಗೆ ಬಾಲಕ್ಕೆ ಮೂವತ್ತು ರೂಪಾಯಿ ಅಂತ ಕೊಟ್ಟು ಹಿಡ್ಸಿದ್ದೂ ಇದೆ. ಬಾಲ ಬಂತು, ಹಾಳು ನಿಲ್ಲಲಿಲ್ಲ, ಯಾಕಂದ್ರೆ ತಂದಿದ್ರಲ್ಲಿ ಅರ್ಧ ಚಿಟ್ಟಿಲಿ ಬಾಲ.

ಬಿದ್ದಿದ್ದು ಯಾವ್ದು, ಬಲಿತದ್ದೋ ಮರಿಯೋ ಅಂತ ತಿಳಿಯೋಕೆ ಆಗ ತಕ್ಕಡಿ ತಂದೆ, ನೇತು ಹಾಕೋ ಡಿಜಿಟಲ್‌ದು, ನಾನೂರೋ ಏನೋ. ಅಡುಗೆಮನೆದು ಮುಟ್ಟಿದ್ರೆ ಮನೇಲಿ ಊಟ ಇಲ್ಲ ಅಂತ ಹೆಂಡ್ತಿ ಅಂದಿದ್ಲು. ಬೋನಿನ ಬಾಯಿಗೆ ಗೊಬ್ಬರದ ಚೀಲ ಹಿಡಿದು ಒಳಗೆ ಇಳಿಸಿ ನೇತು ಹಾಕೋದು. ಗದ್ದೆ ಹೆಗ್ಗಣ ಸುಮ್ನಿರಲ್ಲ, ಬೆನ್ನ ಮೇಲಿನ ಉದ್ದ ಕೂದ್ಲು ನೆಟ್ಟಗೆ ಮಾಡ್ಕೊಂಡು ಹಂದಿ ತರ ಗುರ್ ಅನ್ನುತ್ತೆ, ಚೀಲ ಕುಣಿಯೋದು ನಿಂತ ಮೇಲೆ ನಂಬರ್ ನೋಡ್ಬೇಕು. ಕೈಗೆ ಗ್ಲೌಸ್ ಬೇಕೇ ಬೇಕು, ಇಲಿಜ್ವರ ನಮ್ಮಲ್ಲಿ ಹೊಸದಲ್ಲ, 1957ರಲ್ಲಿ ಕ್ಯಾಸನೂರಲ್ಲಿ ಶುರುವಾದ ಮಂಗನ ಕಾಯಿಲೆ ಹರಡೋ ಉಣ್ಣೆ ಹುಳಕ್ಕೂ ಇಲಿ ಸುಂಡಿಲಿ ಮೈಯೇ ಬೇಕು.

ಇಲ್ಲೀ ತನಕ ನೂರರ ಹತ್ರ ಹೆಗ್ಗಣ ತೂಗಿರ್ಬಹುದು. ಬಲಿತ ಗದ್ದೆ ಹೆಗ್ಗಣ ಇನ್ನೂರರಿಂದ ಮುನ್ನೂರು ಗ್ರಾಂ, ಮುನ್ನೂರೈವತ್ತು ಮುಟ್ಟಿದ್ದು ಒಂದೆರಡು. ಮೈ ಹದಿನೆಂಟು ಇಪ್ಪತ್ತು ಸೆಂಟಿಮೀಟರ್, ಬಾಲ ಅದಕ್ಕಿಂತ ಗಿಡ್ಡ. ಮನೆ ಚರಂಡೀಲಿ ಓಡಾಡೋ ದೊಡ್ಡ ಹೆಗ್ಗಣ ಅರ್ಧ ಕೇಜಿ ಮೇಲೇ ಬರುತ್ತೆ, ಬಾಲನೂ ಮೈಯಷ್ಟೇ ಉದ್ದ, ಅದು ಬೇರೆ. ಐವತ್ತು ಗ್ರಾಂ, ಚೂಪು ಮೂತಿ, ಕೆಟ್ಟ ವಾಸ್ನೆ ಅಂದ್ರೆ ಸುಂಡಿಲಿ, ನಮ್ಮೂರಲ್ಲಿ ಆ ಮೋಲ್‌ಗೆ ನಿಜವಾದ ನೆಂಟ ಅದೇ. ಹುಳ ತಿನ್ನುತ್ತೆ, ಬಿಟ್ಬಿಡಿ.

ಇನ್ನು ಆಯಸ್ಸು. ಗದ್ದೇಲಿ ಈ ಹೆಗ್ಗಣ ವರ್ಷ ದಾಟೋದು ಅಪರೂಪ. ಆದ್ರೆ ಮೂರು ತಿಂಗ್ಳಿಗೆ ಬೆದೆಗೆ ಬರುತ್ತೆ, ಮೂರು ವಾರ ಚಿಲ್ಲರೆ ಬಸುರು, ಸೂಲಿಗೆ ಆರೇಳು ಮರಿ. ಹಂಗಾಗಿ ಎಷ್ಟು ಹಿಡಿದ್ರಿ ಅನ್ನೋದಕ್ಕಿಂತ ಯಾವಾಗ ಹಿಡಿದ್ರಿ ಅನ್ನೋದೇ ಲೆಕ್ಕ. ನಟ್ಟಿ ಆಗಿ ತಿಂಗಳು ಒಂದೂವರೆ ತಿಂಗ್ಳಿಗೆ ಬೋನು ಇಡ್ತೀನಿ. ಬಿದ್ದಿದ್ದೆಲ್ಲ ಇನ್ನೂರೈವತ್ತರ ಮೇಲಿದ್ರೆ ಖುಷಿ, ಹಳೇವು, ಇನ್ನೂ ಮರಿ ಹೊರಗೆ ಬಂದಿಲ್ಲ, ಇವನ್ನ ತೆಗೆದ್ರೆ ಮುಗೀತು. ನೂರರ ಒಳಗಿನವು ಬೀಳೋಕೆ ಶುರುವಾದ್ರೆ ಒಂದು ಸೂಲು ಆಗ್ಲೇ ಹರಡಿದೆ ಅಂತ, ಆಗ ಬೋನು ನಂಬ್ಕೊಂಡು ಕೂರಬಾರ್ದು, ಅಂಚೇ ಅಗೀಬೇಕು. ಸಂಜೆ ಎಲ್ಲಾ ಬಿಲದ ಬಾಯಿಗೂ ಕೆಸರು ಮೆತ್ತಿ ಬರೋದು, ಬೆಳಿಗ್ಗೆ ಹೊಸ ಮಣ್ಣು ತಳ್ಳಿದ್ದು ಯಾವ್ದೋ ಅದನ್ನ ಮಾತ್ರ ಅಗಿಯೋದು. ಭೂಮಿ ಹುಣ್ಣಿಮೆ, ಅಂದ್ರೆ ದಸರಾ ಆದ್ಮೇಲಿನ ಹುಣ್ಣಿಮೆ ಒಳಗೆ ಇದೆಲ್ಲ ಮುಗಿದಿರ್ಬೇಕು. ಹೊಡೆ (ಎಳೇ ತೆನೆ) ಬಂದ್ಮೇಲೆ ತೆನೆ ರುಚಿ ಹತ್ತಿದ್ರೆ ಬೋನಿನ ತಿಂಡಿಗೆ ಯಾವನೂ ಬರಲ್ಲ. ಒಂದ್ಸಲ ಕೊಯ್ಲಿನ ಟೈಮಲ್ಲಿ ಪಕ್ಕದವ್ರ ಅಂಚು ಅಗೆದಾಗ ಮೊಳಕೈ ಆಳದಲ್ಲಿ ಕೋಣೆ ತರ ಇತ್ತು, ತೆನೆ ಎಲ್ಲ ಒಂದೇ ಅಳತೆಗೆ ಕತ್ತರಿಸಿ ತಲೆ ಒಂದೇ ಕಡೆ ಮಾಡಿ ಜೋಡಿಸಿಟ್ಟಿತ್ತು, ಬಡಿದ್ರೆ ಎರಡು ಸೇರು ಭತ್ತ ಆಯ್ತು.

ಮುಂಚೆ ಎಕರೆಗೆ ಮೂರ್ನಾಲ್ಕು ಕ್ವಿಂಟಾಲ್ ಇವಕ್ಕೇ ಹೋಗ್ತಿತ್ತು, ಈಗ ಅರ್ಧ ಕ್ವಿಂಟಾಲ್ ಹೋದ್ರೆ ಹೆಚ್ಚು. ಖರ್ಚು ಬೋನು ಒಂದಕ್ಕೆ ನೂರಿಪ್ಪತ್ತರ ಲೆಕ್ಕದಲ್ಲಿ ಒಂದೂವರೆ ಸಾವಿರದ ಹತ್ರ, ತಕ್ಕಡಿ, ಗ್ಲೌಸ್, ಅಷ್ಟೇ. ಗೂಬೆ ಕೂರ್ಲಿ ಅಂತ ಬಿದಿರಿನ ಟಿ ಕಂಬನೂ ನೆಟ್ಟಿದೀನಿ, ಕೂರುತ್ತೆ, ಅದೆಷ್ಟು ಹಿಡಿಯುತ್ತೋ ತೂಗೋಕೆ ಕೊಡಲ್ಲ.

ತಿಂಡಿ ಎಂತ ಇಡ್ತೀಯಾ ಅಂತ ಎಲ್ರೂ ಕೇಳ್ತಾರೆ. ಸುಟ್ಟ ಒಣಮೀನು, ಹುರಿದ ಅಕ್ಕಿಹಿಟ್ಟು ಇಷ್ಟು ಹೇಳ್ತೀನಿ, ಮೂರನೇದು ಹೇಳಲ್ಲ. ನಮ್ಮ ಬೈಲಿನವ್ರು ಈ ಸಲ ಒಟ್ಟಿಗೆ ಒಂದೇ ವಾರ ಬೋನು ಇಡೋಣ ಅಂದಿದಾರೆ. ಬೋನು ಬೇಕಾದ್ರೆ ಕೊಡ್ತೀನಿ, ತಿಂಡಿ ಮಾತ್ರ ನಾನೇ ಉಂಡೆ ಕಟ್ಟಿ ಕೊಡೋದು, ಉಂಡೆಗೆ ಎರಡು ರೂಪಾಯಿ.