ಅಟ್ಟ ಇಳಿಸುವುದು ಹೇಗೆ?

ಯುಗಾದಿ ಹತ್ತಿರ ಬಂತೆಂದರೆ ತುಮಕೂರಿನ ಮನೆಗಳಲ್ಲಿ ಏಣಿ ಹೊರಗೆ ಬರುತ್ತದೆ. ಒಬ್ಬರು ಅಟ್ಟ ಹತ್ತುತ್ತಾರೆ, ಒಬ್ಬರು ಕೆಳಗೆ ಏಣಿ ಹಿಡಿಯುತ್ತಾರೆ. ಹತ್ತಿದವರು ಅಲ್ಲೇ ಕೂತು ಒಂದು ಮೂಟೆ ಬಿಚ್ಚುತ್ತಾರೆ. ಒಳಗೆ ಇಣುಕಿ, 'ಇದು ಬೇಕಾಗುತ್ತೆ' ಅಂತ ಮತ್ತೆ ಗಂಟು ಹಾಕುತ್ತಾರೆ. ಮುಂದಿನ ಅಂಚನ್ನಷ್ಟು ಗುಡಿಸಿ ಕೆಳಗಿಳಿಯುತ್ತಾರೆ. ಮೂರು ಗಂಟೆ ಕಳೆಯಿತು, ಒಂದು ಚೀಲವೂ ಕಡಿಮೆಯಾಗಲಿಲ್ಲ. ನೆಂಟರ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿ ಸಂಕಟಪಟ್ಟಿದ್ದೇನೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಅಟ್ಟ ಹೀಗೆ ತುಂಬುವುದಕ್ಕೆ ಕಾರಣ ಇದೆ. ಶೆಟ್ಟಿಹಳ್ಳಿ, ಬಟವಾಡಿ, ಕ್ಯಾತಸಂದ್ರದ ಕಡೆ ಮನೆ ಕಟ್ಟಿಕೊಂಡ ಬಹಳ ಜನ ಗುಬ್ಬಿ, ಕೊರಟಗೆರೆ, ಮಧುಗಿರಿ, ಶಿರಾ ಸುತ್ತಿನ ಹಳ್ಳಿಗಳಿಂದ ಬಂದವರು. ಊರಿನ ಮನೆಯಲ್ಲಿ ಪ್ರತಿ ಸಾಮಾನಿಗೂ ಒಂದು ಜಾಗ ಇತ್ತು. ರಾಗಿ ನೆಲದೊಳಗಿನ ಹಗೇವಿನಲ್ಲಿ, ಹಂಡೆ ಬಚ್ಚಲ ಒಲೆಯ ಮೇಲೆ, ನೊಗ ನೇಗಿಲು ಕೊಟ್ಟಿಗೆಯಲ್ಲಿ, ಮೊರ ಗೋಡೆಯ ಗೂಟದಲ್ಲಿ. ಇಲ್ಲಿ 20×30 ಸೈಟೆಂದರೆ ಒಟ್ಟು 600 ಚದರ ಅಡಿ. ಊರಿನ ಮನೆ ಪಾಲಾದಾಗ ಬಂದ ಹಂಡೆ, ಕೊಪ್ಪರಿಗೆ, ಕೊಳಗಕ್ಕೆಲ್ಲ ಉಳಿದದ್ದು ಅಟ್ಟ ಒಂದೇ. ಹತ್ತಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಅಟ್ಟದಲ್ಲಿ ಹಿಡಿಯುವುದು 40 ಘನ ಅಡಿ. ಒಂದು ಬೀರುವಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರೊಳಗೆ ಒಂದು ತೊಟ್ಟಿಮನೆಯನ್ನೇ ತುಂಬಿಸಲು ಹೊರಟಿದ್ದೇವೆ.

ಮೊದಲನೆಯದು: ಡಬ್ಬ ಕೊಳ್ಳಬೇಡಿ

ಅಟ್ಟ ಇಳಿಸುವ ಮನಸ್ಸಾದ ಕೂಡಲೇ ಜನ ಅಂಗಡಿಗೆ ಹೋಗಿ ಆರೇಳು ಪ್ಲಾಸ್ಟಿಕ್ ಡಬ್ಬ ತರುತ್ತಾರೆ. ದಯವಿಟ್ಟು ಬೇಡ. ಡಬ್ಬ ಮೊದಲು ಬಂದರೆ ಅದನ್ನು ತುಂಬಿಸುವುದಕ್ಕೆಂದೇ ಸಾಮಾನು ಉಳಿಸಿಕೊಳ್ಳುತ್ತೀರಿ. ಡಬ್ಬ ಕೊನೆಯ ದಿನದ ಮಾತು.

ಎರಡನೆಯದು: ಪೂರ್ತಿ ಇಳಿಸಿ

ಪೂರ್ತಿ ಎಂದರೆ ಪೂರ್ತಿ. ಮೂಲೆಯ ಮುರಿದ ಕೊಡೆಯೂ ಕೆಳಗೆ ಬರಬೇಕು. ಮೇಲೆ ಕೂತು ಯಾವ ಗಂಟನ್ನೂ ಬಿಚ್ಚಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಊರಿನಿಂದ ಬಂದ ಗೋಣಿಚೀಲಗಳನ್ನು ಕೋಲಿನಿಂದ ತಟ್ಟಿಯೇ ಮುಟ್ಟಿ, ಚೇಳು ಇರಬಹುದು. ಅಟ್ಟ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಖಾಲಿ ಬಿಡಿ.

ಮೂರನೆಯದು: ಬೇರ್ಪಡಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ನಡುಮನೆಯಲ್ಲಿ ಮೂರು ಹಳೆಯ ದುಪ್ಪಟಿ ಹಾಸಿ. ಒಂದು ಮನೆಯಲ್ಲಿ ಉಳಿಯುವುದಕ್ಕೆ, ಒಂದು ಬೇರೆಯವರ ಕೈ ಸೇರುವುದಕ್ಕೆ, ಒಂದು ಗುಜರಿಗೆ. 'ಆಮೇಲೆ ನೋಡೋಣ' ಅಂತ ನಾಲ್ಕನೆಯದನ್ನು ಹಾಸಲೇಬೇಡಿ. ಸಂಜೆ ಹೊತ್ತಿಗೆ ಸಾಮಾನೆಲ್ಲ ಅದರ ಮೇಲೇ ಇರುತ್ತದೆ, ರಾತ್ರಿ ಅದೇ ಗಂಟು ಮತ್ತೆ ಅಟ್ಟ ಹತ್ತುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಿಟ್ಟು ಈ ಕೆಲಸ ಮಾಡಬೇಡಿ. ಗುಬ್ಬಿ ಕಡೆಯ ನಮ್ಮ ನೆಂಟರೊಬ್ಬರ ಮನೆಯಲ್ಲಿ ತಾಯಿ ಮದುವೆಗೆ ಹೋಗಿದ್ದಾಗ ಮಗ ತಾಮ್ರದ ಕೊಪ್ಪರಿಗೆಯನ್ನು ತೂಕಕ್ಕೆ ಹಾಕಿಬಿಟ್ಟ. ತಾಯಿ ಅದನ್ನು ದೊಡ್ಡ ಮಗಳಿಗೆಂದು ಎತ್ತಿಟ್ಟಿದ್ದರು. ಬಂದು ನೋಡಿದವರು ಬೈಯಲಿಲ್ಲ, ಏನೂ ಅನ್ನಲಿಲ್ಲ. ಆದರೆ ಆಮೇಲೆ ಆ ಮನೆಯಲ್ಲಿ ಒಂದು ಲೋಟವನ್ನೂ ಹೊರಗೆ ಕಳಿಸಲು ಬಿಡಲಿಲ್ಲ. ಅಟ್ಟ ಈಗಲೂ ಹಾಗೇ ಇದೆ.

ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ. ಬೆಳಗ್ಗೆ ತಿಂಡಿ ಆದಮೇಲೆ, ಬಿಸಿಲು ಏರುವ ಮೊದಲು. ಒಂದು ಸಲಕ್ಕೆ ಹತ್ತೇ ಸಾಮಾನು ಮುಂದಿಡಿ. ರಾಶಿ ಕಂಡರೆ ಯಾರಿಗಾದರೂ ಎದೆ ಹಾರುತ್ತದೆ. ಎರಡು ಗಂಟೆ ಕೆಲಸ ಆದಮೇಲೆ ನಿಲ್ಲಿಸಿ, ಉಳಿದದ್ದು ನಾಳೆ.

ಇನ್ನು ಕೇಳುವ ಮಾತು. 'ಅತ್ತೆ, ಇದು ಬೇಕಾ ಬೇಡ್ವಾ?' ಅಂತ ಕೇಳಿದರೆ ಉತ್ತರ ನಿಮಗೆ ಗೊತ್ತೇ ಇದೆ: 'ಇರ್ಲಿ ಬಿಡಮ್ಮ, ಏನ್ ಅನ್ನ ಕೇಳುತ್ತಾ ಅದು?' ಮಾತು ಅಲ್ಲಿಗೆ ಮುಗಿಯಿತು. ಬೇಡ ಅನ್ನುವುದು ಅವರಿಗೆ ಕಷ್ಟ. ಆ ಹಂಡೆಗೆ ಸೌದೆ ಉರಿ ಹಾಕಿ ಮನೆಮಂದಿಗೆಲ್ಲ ನೀರು ಕಾಯಿಸಿದವರು ಅವರು. ಅದನ್ನು ಬೇಡ ಎಂದರೆ ಆ ದಿನಗಳನ್ನೇ ಬೇಡ ಎಂದಂತೆ ಆಗುತ್ತದೆ. ಹಾಗಾಗಿ ಹೀಗೆ ಕೇಳಿ: 'ಅತ್ತೆ, ಇದನ್ನ ಯಾರಿಗೆ ಕೊಡೋಣ?' ಆಗ ಅವರು ಯೋಚಿಸಲು ಶುರು ಮಾಡುತ್ತಾರೆ. 'ನಿನ್ನ ನಾದಿನಿ ಮನೇಲಿ ಹಸು ಇದೆ, ಬೂಸಾ ಕಲಸೋಕೆ ಆಗುತ್ತೆ, ಕೊಡು.' 'ಊರ ದೇವಸ್ಥಾನದಲ್ಲಿ ಪ್ರಸಾದಕ್ಕೆ ದೊಡ್ಡ ಪಾತ್ರೆ ಇಲ್ಲ ಅಂತಿದ್ರು.' ಕೊಡುವ ಅಧಿಕಾರ ಅವರ ಕೈಯಲ್ಲೇ ಇರಬೇಕು. ನಾನು ನೋಡಿದ ಮನೆಗಳಲ್ಲಿ ಕೆಲಸ ಸಾಗಿದ್ದು ಈ ಒಂದು ಪ್ರಶ್ನೆ ಬದಲಾಯಿಸಿದ ಮೇಲೆಯೇ.

ಪಾತ್ರೆ ಮುಟ್ಟುವ ಮೊದಲು ಅದರ ಮೇಲಿನ ಹೆಸರು ಓದಿ. ನಮ್ಮಲ್ಲಿ ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸುವುದು ರೂಢಿ, ಅಲ್ವಾ? ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಅಕ್ಷರ ಕಾಣುತ್ತದೆ. ಕೊಟ್ಟವರ ಹೆಸರು ಬೇರೆ, ಒಡೆಯರ ಹೆಸರು ಬೇರೆ, ಎರಡನ್ನೂ ಗಟ್ಟಿಯಾಗಿ ಓದಿ. ಚಿಕ್ಕತ್ತೆಯ ಹೆಸರಿರುವ ಗಂಗಾಳ ನಿಮ್ಮ ಅಟ್ಟದಲ್ಲಿ ಇದ್ದರೆ ಅದು ನಿಮ್ಮದಲ್ಲ. ಯಾವುದೋ ಹಬ್ಬದಲ್ಲಿ ಬಂದು ಇಲ್ಲೇ ಉಳಿದಿರಬೇಕು. ಅವರಿಗೆ ಫೋನ್ ಮಾಡಿ, ಅವರಿಲ್ಲದಿದ್ದರೆ ಮಕ್ಕಳಿಗೆ. 'ನಿಮ್ಮಮ್ಮನ ಹೆಸರಿದೆ, ಬಂದು ತಗೊಂಡು ಹೋಗಿ' ಎಂದರೆ ಬೇಡ ಎನ್ನುವವರು ಕಡಿಮೆ. ಬೇಡ ಎಂದರೂ ನಿಮ್ಮ ಮನಸ್ಸಿಗೆ ಸಮಾಧಾನ. ಹದಿನೈದು ದಿನ ಗಡುವು ಹೇಳಿ, ಅಷ್ಟರೊಳಗೆ ಬರದಿದ್ದರೆ ನೀವೇ ತಲುಪಿಸಿ ಬನ್ನಿ.

ಇನ್ನು ನಿಮ್ಮದೇ ಸಾಮಾನಿಗೆ ನಾನು ಇಟ್ಟುಕೊಂಡಿರುವ ಲೆಕ್ಕ ಎರಡು ಯುಗಾದಿ. ಎರಡು ಯುಗಾದಿಯ ನಡುವೆ ಒಮ್ಮೆಯೂ ಕೆಳಗಿಳಿಯದ ಸಾಮಾನು ಮನೆಯಲ್ಲಿ ಇರಬೇಕಾಗಿಲ್ಲ. ದಸರಾ ಗೊಂಬೆ, ಗೌರಿ ಹಬ್ಬದ ಮೊರ ವರ್ಷಕ್ಕೊಮ್ಮೆ ಇಳಿದೇ ಇಳಿಯುತ್ತವೆ, ಅವು ಉಳಿಯಲಿ. 'ಮನೆಯಲ್ಲಿ ಶುಭಕಾರ್ಯ ಆದರೆ ಬೇಕು' ಅಂತ ಇಟ್ಟ ಐವತ್ತು ಜನರ ಅಡುಗೆಯ ಬೋಸಿ, ಹನ್ನೆರಡು ಹಾಸಿಗೆ ಹೋಗಲಿ. ಶಾಮಿಯಾನದ ಅಂಗಡಿಯಲ್ಲಿ ಪಾತ್ರೆ, ಜಮಖಾನ, ಕುರ್ಚಿ ಎಲ್ಲ ದಿನದ ಬಾಡಿಗೆಗೆ ಸಿಗುತ್ತವೆ, ತಂದುಕೊಟ್ಟು ತೆಗೆದುಕೊಂಡು ಹೋಗುತ್ತಾರೆ. ಐದು ವರ್ಷಕ್ಕೊಂದು ನಾಮಕರಣಕ್ಕಾಗಿ ಅರ್ಧ ಅಟ್ಟ ಬಿಟ್ಟುಕೊಡುವುದು ತಪ್ಪು.

ಇವೆಲ್ಲ ಮುಗಿದ ಮೇಲೂ ಯಾವ ಕೆಲಸಕ್ಕೂ ಬಾರದ, ಆದರೆ ಬಿಡಲಾಗದ ಒಂದೆರಡು ಸಾಮಾನು ಇರುತ್ತವೆ. ಅಪ್ಪ ರಾಗಿ ಅಳೆಯುತ್ತಿದ್ದ ಸೇರು, ಅಜ್ಜಿಯ ಮುದ್ದೆ ಕೋಲು. ಅವನ್ನು ಅಟ್ಟಕ್ಕೆ ಹಾಕಬೇಡಿ. ಕೆಳಗೆ ತನ್ನಿ, ಬಳಸಿ. ನಮ್ಮ ಮನೆಯಲ್ಲಿ ಅಕ್ಕಿ ಡಬ್ಬದೊಳಗೆ ಇರುವುದು ಹಿತ್ತಾಳೆಯ ಪಾವೇ. ದಿನಾ ಕೈಗೆ ಸಿಗುತ್ತದೆ, ದಿನಾ ನೆನಪಾಗುತ್ತದೆ.

ನಾಲ್ಕನೆಯದು: ಹೊರಗೆ ಕಳಿಸುವುದು

ಗುಜರಿಯವರನ್ನು ಕರೆಯುವ ಮೊದಲು ಮನೆಯಲ್ಲೇ ತೂಕ ಮಾಡಿ ಬರೆದಿಡಿ. ಕೊಕ್ಕೆ ಇರುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಅಯಸ್ಕಾಂತ ಹಿಡಿದು ನೋಡಿ: ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಹಿತ್ತಾಳೆ ಲೇಪ. ಹಿತ್ತಾಳೆ, ತಾಮ್ರ ಎರಡೂ ಅಂಟುವುದಿಲ್ಲ. ತಾಮ್ರವನ್ನೂ ಹಿತ್ತಾಳೆಯನ್ನೂ ಬೇರೆ ಬೇರೆ ತೂಗಿಸಿ, ತಾಮ್ರದ ಬೆಲೆ ಜಾಸ್ತಿ. ಬೀದಿಯಲ್ಲಿ ಹಳೇ ಪಾತ್ರೆಗೆ ಪ್ಲಾಸ್ಟಿಕ್ ಬಕೆಟ್ಟು ಕೊಡುತ್ತೇವೆ ಅಂತ ಕೂಗಿಕೊಂಡು ಬರುವವರಿಗೆ ಹಿತ್ತಾಳೆ ಕೊಡಲೇಬೇಡಿ. ನಷ್ಟವೂ ಹೌದು, ಖಾಲಿ ಮಾಡಿದ ಜಾಗಕ್ಕೆ ಬಕೆಟ್ಟು ಬಂದು ಕೂರುವುದೂ ಹೌದು.

ಹಳೆಯ ಡಬ್ಬಾ ಟಿ.ವಿ. ಇದ್ದರೆ ಒಡೆಯಬೇಡಿ. ಅದರ ಗಾಜಿನಲ್ಲಿ ಸೀಸ ಇರುತ್ತದೆ. ಇಂಥವನ್ನು ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಬೇಕು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕಾಗದದ ಗಂಟಿನಲ್ಲಿ ಕ್ರಯಪತ್ರ, ವಿಭಾಗಪತ್ರ, ಅಂಕಪಟ್ಟಿಯ ಮೂಲಪ್ರತಿ ಬೇರೆ ತೆಗೆದು ಬೀರುವಿನಲ್ಲಿಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಪಹಣಿಯ ಹಳೆಯ ಜೆರಾಕ್ಸುಗಳನ್ನು ಕಟ್ಟುಗಟ್ಟಲೆ ಇಡಬೇಕಿಲ್ಲ, ಸರ್ಕಾರದ ಜಮೀನು ದಾಖಲೆಯ 'ಭೂಮಿ' ತಂತ್ರಾಂಶದಿಂದ ಬೇಕಾದಾಗ ಹೊಸದು ಸಿಗುತ್ತದೆ.

ಐದನೆಯದು: ಮತ್ತೆ ಏರಿಸುವುದು

ಎಲ್ಲಿ ಏನು ಇಡಬಾರದು ಎನ್ನುವುದು ಮೊದಲು ಗೊತ್ತಿರಲಿ. ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು ರಾತ್ರಿ ಒಳಕ್ಕೆ ಶಾಖ ಬಿಡುತ್ತದೆ, ಬಿಸಿಗಾಳಿಯೂ ಮೇಲೇ ನಿಲ್ಲುತ್ತದೆ. ಮನೆಯಲ್ಲಿ ಹೆಚ್ಚು ಬಿಸಿಯ ಜಾಗ ಅಟ್ಟವೇ. ಫೋಟೋ ಆಲ್ಬಮ್, ಬ್ಯಾಟರಿ, ಮೇಣದಬತ್ತಿ, ಔಷಧಿ ಅಲ್ಲಿ ಬೇಡ. ಬಚ್ಚಲ ಮೇಲಿನ ಅಟ್ಟದಲ್ಲಿ ಕಾಗದ ಬೇಡ, ತೇವ ಹಿಡಿಯುತ್ತದೆ. ಅಡುಗೆಮನೆ ಅಟ್ಟದಲ್ಲಿ ಬಟ್ಟೆ ಬೇಡ, ಒಗ್ಗರಣೆಯ ಎಣ್ಣೆ ಜಿಡ್ಡು ಕೂರುತ್ತದೆ. ಒರಳುಕಲ್ಲು, ಬೀಸೋಕಲ್ಲು ಎಂದಿಗೂ ಮೇಲೆ ಬೇಡ. ಸ್ವಲ್ಪ ಭಾರದ್ದು ಇಡಲೇಬೇಕಾದರೆ ಗೋಡೆಯ ಕಡೆ ಇಡಿ, ಚಾಚಿದ ಅಂಚಿನಲ್ಲಿ ಅಲ್ಲ.

ರೇಷ್ಮೆ ಸೀರೆಯಂತೂ ಅಟ್ಟಕ್ಕೆ ಸೇರಿದ್ದೇ ಅಲ್ಲ. ಪ್ಲಾಸ್ಟಿಕ್ ಕವರು ಬಿಚ್ಚಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಸಿದ ಗೆರೆಯಲ್ಲೇ ಹರಿಯುತ್ತದೆ. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಒಣಗಿಸಿದ ಬೇವಿನೆಲೆಯ ಪೊಟ್ಟಣ ಸಾಕು.

ಗಾಳಿ ಎಳೆದು ಬಟ್ಟೆ ಕುಗ್ಗಿಸುವ ಚೀಲಗಳನ್ನು ಈಗ ಎಲ್ಲರೂ ತರಿಸುತ್ತಿದ್ದಾರೆ. ಪಾಲಿಯೆಸ್ಟರ್ ರಗ್ಗಿಗೆ ಪರವಾಗಿಲ್ಲ. ಹತ್ತಿ ಹಾಸಿಗೆಯನ್ನು ಅದರೊಳಗೆ ಒತ್ತಿಟ್ಟರೆ ಗಂಟುಗಂಟಾಗುತ್ತದೆ, ಮತ್ತೆ ಹತ್ತಿ ಬಿಡಿಸಿ ಹೊಲಿಸಬೇಕು. ಅಗ್ಗದ ಚೀಲಗಳ ಜಿಪ್ಪಿನಲ್ಲಿ ಗಾಳಿ ನುಗ್ಗಿ ಕೆಲವೇ ದಿನಕ್ಕೆ ಚೀಲ ಉಬ್ಬಿ ನಿಂತಿರುತ್ತದೆ. ನಾನು ಕೊಳ್ಳುವುದಿಲ್ಲ.

ಈಗ ಟೇಪು ಹಿಡಿದು ಅಟ್ಟದ ಎತ್ತರ, ಆಳ, ಬಾಗಿಲಿನ ಅಗಲ ಬರೆದುಕೊಳ್ಳಿ. ಡಬ್ಬ ಕೊಳ್ಳುವ ದಿನ ಬಂತು. ದುಂಡು ಡ್ರಮ್ಮು ಬೇಡ. ಚೌಕದ ಜಾಗದಲ್ಲಿ ದುಂಡು ಡಬ್ಬ ಇಟ್ಟರೆ ನೂರರಲ್ಲಿ ಸುಮಾರು 78 ಪಾಲು ಮಾತ್ರ ತುಂಬುತ್ತದೆ, ಉಳಿದ 22 ಪಾಲು ಮೂಲೆಗಳಲ್ಲಿ ವ್ಯರ್ಥ. ಹದಿನೈದು ಕೆ.ಜಿ.ಯ ಎಣ್ಣೆ ಟಿನ್ನು ತೊಳೆದು, ಬಾಯಿ ಕತ್ತರಿಸಿ, ಅಂಚು ಮಡಿಸಿ, ಮುಚ್ಚಳ ಮಾಡಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಡಬ್ಬ ನನಗಂತೂ ಗೊತ್ತಿಲ್ಲ. ಒಂದಕ್ಕೊಂದು ಒತ್ತಿ ಕೂರುತ್ತದೆ, ಇಲಿ ಕಡಿಯುವುದಿಲ್ಲ, ಬಿಸಿಗೆ ಸೀಳುವುದಿಲ್ಲ. ತೆಳು ಪ್ಲಾಸ್ಟಿಕ್ಕಿನ ಕ್ಲಿಪ್ ಡಬ್ಬಗಳು ಅಟ್ಟದ ಶಾಖಕ್ಕೆ ಗಡುಸಾಗುತ್ತವೆ, ಎಳೆದಾಗ ಹಿಡಿಯೇ ಮುರಿದು ಕೈಗೆ ಬರುತ್ತದೆ.

ಸ್ಟೀಲ್ ಪಾತ್ರೆಗಳನ್ನು ಒಂದರೊಳಗೊಂದು ಇಡಿ, ನಡುವೆ ಪೇಪರ್ ಹಾಕಿ. ಸಿಕ್ಕಿಹಾಕಿಕೊಂಡರೆ ಬಡಿಯಬೇಡಿ. ಒಳಗಿನದಕ್ಕೆ ಐಸ್ ನೀರು ತುಂಬಿ, ಹೊರಗಿನದನ್ನು ಬಿಸಿನೀರಿನಲ್ಲಿ ನಿಲ್ಲಿಸಿ. ಒಳಗಿನದು ಕುಗ್ಗಿ ಹೊರಗಿನದು ಹಿಗ್ಗುತ್ತದೆ, ತಿರುಚಿದರೆ ಬಿಡಿಸಿಕೊಳ್ಳುತ್ತದೆ.

ರಾಗಿಯ ಬಗ್ಗೆಯೂ ಒಂದು ಮಾತು. ಊರಿಂದ ಮೂಟೆ ಬಂದ ಕೂಡಲೇ ಪೂರ್ತಿ ಬೀಸಿಸಿ ಡಬ್ಬ ತುಂಬಿಡುವವರಿದ್ದಾರೆ. ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಹಗೇವು ನಡೆದದ್ದೇ ಆ ನಂಬಿಕೆಯ ಮೇಲೆ. ಹಿಟ್ಟು ಮಾತ್ರ ಬೇಗ ಕಹಿಯಾಗುತ್ತದೆ. ತಿಂಗಳಿಗೆ ಬೇಕಾದಷ್ಟೇ ಮಿಲ್ಲಿಗೆ ಹಾಕಿಸಿ. ಮೂಟೆಯನ್ನು ಮಂಚದ ಕೆಳಗೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.

ಕೊನೆಯದು: ಪಟ್ಟಿ

ಪ್ರತಿ ಟಿನ್ನಿಗೂ ದಪ್ಪಕ್ಷರದಲ್ಲಿ ಒಂದು ಸಂಖ್ಯೆ ಬರೆಯಿರಿ. ಅದು ಹಿಂದಕ್ಕಲ್ಲ, ನಿಮ್ಮ ಕಡೆ ತಿರುಗಿರಲಿ. ಒಳಗೇನಿದೆ ಎನ್ನುವುದನ್ನು ಒಂದು ಹಾಳೆಯಲ್ಲಿ ಸಂಖ್ಯೆವಾರು ಬರೆದು ಅಟ್ಟದ ಬಾಗಿಲ ಒಳಬದಿಗೆ ಅಂಟಿಸಿ. ಪಕ್ಕದಲ್ಲಿ ಒಂದು ಖಾಲಿ ಸಾಲು ಬಿಟ್ಟಿರಿ, ಕೆಳಗೆ ಇಳಿಸಿದ ತಾರೀಖು ಬರೆಯುವುದಕ್ಕೆ. ಮುಂದಿನ ಯುಗಾದಿಗೆ ಯಾವ ಸಾಲು ಖಾಲಿ ಇದೆ ಎಂದು ನೋಡಿಕೊಂಡರೆ ಸಾಕು. ಪೆನ್ನನ್ನು ದಾರದಲ್ಲಿ ಕಟ್ಟಿ ಬಾಗಿಲ ಚಿಲಕಕ್ಕೆ ನೇತುಹಾಕಿ, ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ.