ಡೊಂಬಿವಲಿಯ ಹಳೇ ಫ್ಲ್ಯಾಟಿನಲ್ಲಿ ಮಾತು ಕೇಳುವ ದೀಪ

ಮಾತಿಗೆ ಹೊತ್ತಿಕೊಳ್ಳುವ ದೀಪ ಹಾಕಿಸಿದ್ದೇವೆ ಅಂದ ಕೂಡಲೇ ಎಲ್ಲರೂ ಕೇಳುವುದು, "ಸ್ಪೀಕರ್ ಯಾವುದು ತಗೊಂಡ್ರಿ?" ನಾನು ತಿರುಗಿ ಕೇಳುವುದು, "ನಿಮ್ಮ ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿದ್ದೀರಾ?" ಮಾತು ಕೇಳಿಸಿಕೊಳ್ಳುವ ಸ್ಪೀಕರ್ ಯಾವುದಾದರೂ ನಡೆಯುತ್ತದೆ. ಕೆಲಸ ಇರುವುದೆಲ್ಲ ಬೋರ್ಡಿನ ಹಿಂದೆ.

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಎರಡನೇ ಮಹಡಿಯ ಹಳೇ ಫ್ಲ್ಯಾಟ್. ಮರದ ಬೋರ್ಡು, ಅದರ ಮೇಲೆ ಸಾಲಾಗಿ ಪಿಯಾನೋ ಸ್ವಿಚ್ಚು, ಗೋಡೆಯ ಮೇಲೆ ಪಿವಿಸಿ ಪಟ್ಟಿಯೊಳಗೆ ವೈರು. ಅತ್ತೆಗೆ ಮಂಡಿ ನೋವು. ಏಳಬೇಕಾದರೆ ಒಂದು ಕೈ ಮಂಚಕ್ಕೆ, ಇನ್ನೊಂದು ಕೈ ಗೋಡೆಗೆ ಬೇಕು. ಸ್ವಿಚ್ಚು ಇರುವುದು ಬಾಗಿಲ ಹಿಂದೆ. ರಾತ್ರಿ ದೀಪ ಬೇಕು ಅಂದರೆ ಕತ್ತಲಲ್ಲೇ ನಾಲ್ಕು ಹೆಜ್ಜೆ ನಡೆಯಬೇಕು. ದೀಪ ಬೇಕಿದ್ದದ್ದೇ ಆ ನಾಲ್ಕು ಹೆಜ್ಜೆಗೆ, ಅಲ್ವಾ? "ಅದಕ್ಕೆಲ್ಲ ಎಂತಕ್ಕೆ ದುಡ್ಡು ಮಾರಾಯ್ತಿ? ಒಂದು ಟಾರ್ಚ್ ಇಟ್ಟರೆ ಸಾಕು" ಅಂದರು ಅತ್ತೆ. ಟಾರ್ಚನ್ನೂ ಇಟ್ಟೆವು. ಕರೆಂಟ್ ಹೋದಾಗ ಇವತ್ತಿಗೂ ಅದೇ ಗತಿ.

ಎಲ್ಲರೂ ಮೊದಲು ಕೊಳ್ಳುವುದು ಸ್ಮಾರ್ಟ್ ಬಲ್ಬ್. ಸುಲಭ, ಹೋಲ್ಡರಿಗೆ ತಿರುಗಿಸಿದರೆ ಮುಗೀತು. ಆದರೆ ಪರಿಚಯದವರ ಮನೆಗಳಲ್ಲಿ ಅದರ ಪಾಡು ನೋಡಿದ್ದೆ. ಬಲ್ಬಿಗೆ ಯಾವಾಗಲೂ ಕರೆಂಟ್ ಇರಬೇಕು, ಆಗಲೇ ಅದಕ್ಕೆ ಮಾತು ಕೇಳಿಸುವುದು. ಮನೆಯಲ್ಲಿ ಯಾರಾದರೂ ಒಬ್ಬರು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆರಿಸಿಬಿಡುತ್ತಾರೆ. ಆಮೇಲೆ ಎಷ್ಟು ಕೂಗಿದರೂ ಬಲ್ಬ್ ಸತ್ತಂತೆ. ಸ್ವಿಚ್ಚಿನ ಮೇಲೆ "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದವರೂ ಇದ್ದಾರೆ. ಮನೆಗೆಲಸಕ್ಕೆ ಬರುವ ಹೆಂಗಸು ಅದನ್ನು ಓದಿಕೊಂಡು ದೀಪ ಆರಿಸಬೇಕಾ? ಹಾಗಾಗಿ ನಾನು ಬಲ್ಬನ್ನು ಸಾದಾ ಎಲ್‌ಇಡಿಯಾಗಿಯೇ ಉಳಿಸಿದೆ. ಬುದ್ಧಿ ಬೇಕಾದದ್ದು ಸ್ವಿಚ್ಚಿಗೆ.

ಅದಕ್ಕೆಂದೇ, ವೈಫೈಯಲ್ಲಿ ಸುದ್ದಿ ಬಂದರೆ ದೀಪದ ಕರೆಂಟ್ ಹಾಕಿ ಆರಿಸುವ ಬೆಂಕಿಪೆಟ್ಟಿಗೆ ಅಳತೆಯ ರಿಲೇ ಮಾಡ್ಯೂಲ್ ಸಿಗುತ್ತದೆ. ಬೋರ್ಡಿನ ಹಿಂದೆ ಕೂರಿಸಿದರೆ ಹಳೇ ಸ್ವಿಚ್ಚೂ ಕೆಲಸ ಮಾಡುತ್ತದೆ, ಮಾತಿಗೂ ದೀಪ ಹೊತ್ತುತ್ತದೆ. ಆನ್‌ಲೈನಿನಲ್ಲೂ ಸಿಗುತ್ತದೆ, ಆದರೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕು ಅನ್ನುವವರಿಗೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ವೈರು, ಕನೆಕ್ಟರು, ಹೋಲ್ಡರು ಲೋಹಾರ್ ಚಾಳದಲ್ಲಿ ತಂದೆ. ಎರಡೂ ಕಡೆ ಶನಿವಾರ ಸಂಜೆ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ.

ಈಗ ಬೋರ್ಡಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಗೊತ್ತಿರುವ ಹೆಚ್ಚಿನವರ ಕೆಲಸ ನಿಂತದ್ದು ಇಲ್ಲೇ.

ಮಾಡ್ಯೂಲ್ ತಾನೇ ಒಂದು ಸಣ್ಣ ಯಂತ್ರ. ವೈಫೈ ಕೇಳಿಸಿಕೊಳ್ಳುತ್ತಾ ಇರಲು ಅದಕ್ಕೆ ಫೇಸ್ (ಕರೆಂಟ್ ತರುವ ವೈರು) ಮತ್ತು ನ್ಯೂಟ್ರಲ್ (ಕರೆಂಟ್ ಮರಳುವ ವೈರು) ಎರಡೂ ಬೇಕು. ಸಾದಾ ಸ್ವಿಚ್ಚಿಗೆ ನ್ಯೂಟ್ರಲ್ ಬೇಡವೇ ಬೇಡ. ಒಂದು ಕಡೆಯಿಂದ ಫೇಸ್ ಬರುತ್ತದೆ, ಇನ್ನೊಂದು ಕಡೆಯಿಂದ ಬಲ್ಬಿಗೆ ಹೋಗುತ್ತದೆ. ಹಳೇ ಮನೆಗಳಲ್ಲಿ ಬರೀ ಸ್ವಿಚ್ಚುಗಳಿರುವ ಬೋರ್ಡಿಗೆ ನ್ಯೂಟ್ರಲ್ ಎಳೆಯದೇ ಬಿಟ್ಟಿರುವುದು ಸಾಮಾನ್ಯ. ಮೂರು ಪಿನ್ನಿನ ಸಾಕೆಟ್ ಇರುವ ಬೋರ್ಡಿನಲ್ಲಿ ಮಾತ್ರ ನ್ಯೂಟ್ರಲ್ ಇರಲೇಬೇಕು, ಇಲ್ಲದಿದ್ದರೆ ಸಾಕೆಟ್ ನಡೆಯುವುದೇ ಇಲ್ಲ. ಆದ್ದರಿಂದ ಏನೂ ಬಿಚ್ಚದೆ ಒಂದು ಅಂದಾಜು ಸಿಗುತ್ತದೆ. ಸಾಕೆಟ್ ಇರುವ ಬೋರ್ಡಿನಿಂದ ಶುರು ಮಾಡಿ.

ಅತ್ತೆಯ ಕೋಣೆಯ ಬೋರ್ಡಿನಲ್ಲಿ ಸಾಕೆಟ್ ಇರಲಿಲ್ಲ. ವೈರ್‌ಮನ್ ಮೇನ್ ಆರಿಸಿ ನಾಲ್ಕು ಸ್ಕ್ರೂ ತೆಗೆದು ಮರದ ಹಲಗೆ ಮುಂದಕ್ಕೆ ಎಳೆದ. ಹಿಂದೆ ಜೇಡರ ಬಲೆ, ಸುಣ್ಣದ ಪುಡಿ, ಬಣ್ಣ ಮಾಸಿದ ವೈರುಗಳು. ಕೆಂಪು ಅಂದರೆ ಫೇಸ್, ಕಪ್ಪು ಅಂದರೆ ನ್ಯೂಟ್ರಲ್ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎಲ್ಲವೂ ಕಂದು. ನಾನು ಟೆಸ್ಟರ್ ಕೊಡಲು ಹೋದೆ. ಆತ ಬೇಡ ಅಂದು ಚೀಲದಿಂದ ಒಂದು ಹೋಲ್ಡರ್ ತೆಗೆದ. ಅದಕ್ಕೆ ಒಂದು ಬಲ್ಬ್, ಎರಡು ಉದ್ದ ವೈರು. ಟೆಸ್ಟರ್ ಹೊತ್ತಲಿಲ್ಲ ಅಂದರೆ ಅದು ನ್ಯೂಟ್ರಲ್ಲೇ ಆಗಬೇಕೆಂದಿಲ್ಲ, ಕಡಿದು ಹೋದ ವೈರೂ ಹೊತ್ತುವುದಿಲ್ಲ. ಮೇನ್ ಹಾಕಿ ಒಂದು ತುದಿಯನ್ನು ಫೇಸಿಗೆ, ಇನ್ನೊಂದನ್ನು ಅನುಮಾನದ ವೈರಿಗೆ ಮುಟ್ಟಿಸಿದಾಗ ಬಲ್ಬ್ ಪೂರ್ತಿ ಹೊತ್ತಬೇಕು. ಅರ್ಥಿಂಗ್ ವೈರಿಗೂ ಹೊತ್ತಬಹುದು, ಆದ್ದರಿಂದ ಆ ವೈರು ಎಲ್ಲಿಂದ ಬಂದಿದೆ ಅಂತ ಪಟ್ಟಿ ಬಿಚ್ಚಿ ನೋಡಬೇಕು. ಎಲ್ಲ ನೋಡಿದ ಮೇಲೆ ಆತ ತಲೆ ಅಲ್ಲಾಡಿಸಿದ. "ಯಾ ಬೋರ್ಡಾತ್ ನ್ಯೂಟ್ರಲ್ ನಾಹೀ, ತಾಈ." ಈ ಬೋರ್ಡಿನಲ್ಲಿ ನ್ಯೂಟ್ರಲ್ ಇಲ್ಲ ಅಂತ.

ನ್ಯೂಟ್ರಲ್ ಬೇಡದ ಮಾಡ್ಯೂಲುಗಳೂ ಇವೆ. ಅವು ಬಲ್ಬಿನ ಮೂಲಕವೇ ಚೂರು ಕರೆಂಟ್ ಎಳೆದುಕೊಂಡು ಬದುಕುತ್ತವೆ. ಹಿಂದೆ 60 ವ್ಯಾಟಿನ ಗಾಜಿನ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಈಗಿನ 9 ವ್ಯಾಟಿನ ಎಲ್‌ಇಡಿ ಆರಿಸಿದ ಮೇಲೂ ಮಂಕಾಗಿ ಮಿಣುಕುತ್ತಾ ಇರಬಹುದು. ಬಲ್ಬಿನ ಹತ್ತಿರ ಒಂದು ಸಣ್ಣ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ. ನನಗೆ ಆ ದಾರಿ ಇಷ್ಟವಾಗಲಿಲ್ಲ. ವೈರು ಗೋಡೆಯ ಮೇಲಿನ ಪಟ್ಟಿಯಲ್ಲೇ ಇದ್ದುದರಿಂದ ಗೋಡೆ ಒಡೆಯುವ ಪ್ರಶ್ನೆ ಇರಲಿಲ್ಲ. ಹಾಲ್‌ನ ಬೋರ್ಡಿನಿಂದ ಹೊಸ ನ್ಯೂಟ್ರಲ್ ವೈರನ್ನು ಅದೇ ಪಟ್ಟಿಯೊಳಗೆ ಎಳೆಸಿದೆ. ಇಲ್ಲಿ ಒಂದು ಮಾತು. ಯಾವ ಸರ್ಕ್ಯೂಟಿನ ಫೇಸೋ ಅದೇ ಸರ್ಕ್ಯೂಟಿನ ನ್ಯೂಟ್ರಲ್ ಬೇಕು. ಪಕ್ಕದಲ್ಲಿ ಸಿಕ್ಕಿತು ಅಂತ ಬೇರೆ ಕಡೆಯದನ್ನು ಜೋಡಿಸಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸಾಧನ) ಇರುವ ಮನೆಯಲ್ಲಿ ಪದೇ ಪದೇ ಟ್ರಿಪ್ ಆಗಬಹುದು. ಆಮೇಲೆ ಕಾರಣ ಹುಡುಕುತ್ತಾ ಕೂರಬೇಕು.

ಇನ್ನೊಂದು ಲೂಪಿನ ವಿಷಯ. ನಮ್ಮ ಬೋರ್ಡುಗಳಲ್ಲಿ ಫೇಸ್ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ತುಂಡು ವೈರಿನಲ್ಲಿ ದಾಟುತ್ತಾ ಹೋಗುತ್ತದೆ. ನಾವು ಹಾಕಿದ ಮಾಡ್ಯೂಲಿನಲ್ಲಿ ಎಸ್1, ಎಸ್2 ಅನ್ನುವ ಎರಡು ಕಿಂಡಿಗಳಿಗೆ ಸ್ವಿಚ್ಚಿನ ಎರಡು ತುದಿ ಹೋಗಬೇಕು. ಅಲ್ಲಿಗೆ ಮೇನ್ ಕರೆಂಟ್ ತಾಗಲೇಬಾರದು, ತಾಗಿದರೆ ಮಾಡ್ಯೂಲ್ ಸುಟ್ಟುಹೋಗುತ್ತದೆ. ಅಂದರೆ ಆ ಸ್ವಿಚ್ಚಿನಿಂದ ಲೂಪ್ ಬಿಡಿಸಿ, ಫೇಸನ್ನು ನೇರ ಮಾಡ್ಯೂಲಿಗೆ ಕೊಟ್ಟು, ಉಳಿದ ಸ್ವಿಚ್ಚುಗಳಿಗೆ ಲೂಪ್ ಮತ್ತೆ ಕೂಡಿಸಬೇಕು. ಕೆಲವು ಕಂಪನಿಯ ಮಾಡ್ಯೂಲುಗಳಲ್ಲಿ ಇದಕ್ಕೆ ಉಲ್ಟಾ, ಸ್ವಿಚ್ಚಿಗೆ ಫೇಸೇ ಬೇಕು. ಡಬ್ಬಿಯೊಳಗಿನ ಚಿತ್ರವನ್ನು ವೈರ್‌ಮನ್ ಮುಂದೆ ಹಿಡಿದು ನಿಲ್ಲಿ. "ಮಾಹೀತ್ ಆಹೇ" (ಗೊತ್ತಿದೆ) ಅಂದರೂ ಹಿಡಿಯಿರಿ.

ಹೀಗೆ ಜೋಡಿಸಿದ ಮೇಲೆ ಹಳೇ ಸ್ವಿಚ್ಚು ಕಾಲಿಂಗ್ ಬೆಲ್‌ನ ಗುಂಡಿ ಇದ್ದ ಹಾಗೆ. ಸುದ್ದಿ ಮುಟ್ಟಿಸುತ್ತದೆ ಅಷ್ಟೇ, ದೀಪದ ಕರೆಂಟ್ ಅದರೊಳಗೆ ಹರಿಯುವುದಿಲ್ಲ. ಮೇಲೆ ಇದ್ದರೆ ಆಫ್, ಕೆಳಗೆ ಇದ್ದರೆ ಆನ್ ಅನ್ನುವ ಲೆಕ್ಕವೂ ಹೋಯಿತು. ಯಾವ ಕಡೆ ಒತ್ತಿದರೂ ಇದ್ದದ್ದು ಬದಲಾಗುತ್ತದೆ. ನನ್ನ ಗಂಡನಿಗೆ ಇದು ಕೆಲವು ದಿನ ತಲೆನೋವಾಯಿತು, ಅತ್ತೆಗೆ ಆಗಲಿಲ್ಲ.

ವೈಫೈ ಬಗ್ಗೆ ಚುಟುಕಾಗಿ. ಇಂಥ ಸಾಮಾನುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಅನ್ನುವ ವೈಫೈ ಬ್ಯಾಂಡ್ ಮಾತ್ರ ಹಿಡಿಯುತ್ತವೆ. ರೂಟರು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತಿದ್ದರೆ ಜೋಡಿಸುವಾಗ ಸತಾಯಿಸುತ್ತದೆ. ಆ ಹೊತ್ತಿಗೆ 5 ಅನ್ನು ಆರಿಸಿಟ್ಟು ಆಮೇಲೆ ಹಾಕಿಕೊಂಡರಾಯಿತು. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಕೊಡಿಸಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ಏಳುವವರೆಗೆ ಕಾಯುವುದು ತಪ್ಪುತ್ತದೆ. ಇಂಟರ್‌ನೆಟ್ಟೇ ಹೋದರೆ ಮಾತು ನಡೆಯುವುದಿಲ್ಲ, ಗೋಡೆಯ ಸ್ವಿಚ್ ನಡೆಯುತ್ತದೆ. ನಾನು ಸ್ವಿಚ್ಚಿಗೆ ಅಂಟಿಕೊಂಡದ್ದು ಅದಕ್ಕೇ. ಹೊಸದಾಗಿ ಕೊಳ್ಳುವವರು ಡಬ್ಬಿಯ ಮೇಲೆ ಮ್ಯಾಟರ್ ಅನ್ನುವ ಗುರುತು ಇದೆಯಾ ನೋಡಿ. 2022ರಲ್ಲಿ ಬಂದ ಮಾನಕ ಅದು. ಅಮೆಜಾನ್, ಗೂಗಲ್, ಆಪಲ್ ಮೂರಕ್ಕೂ ಹೊಂದುತ್ತದೆ, ನಾಳೆ ಸ್ಪೀಕರ್ ಬದಲಾಯಿಸಿದರೂ ಸಾಮಾನು ಹಾಳಾಗುವುದಿಲ್ಲ.

ಇನ್ನು ಸ್ಪೀಕರ್. ನಾವು ತಂದದ್ದು ಅಮೆಜಾನಿನ ಎಕೋ ಡಾಟ್, ಅದರೊಳಗೆ ಮಾತು ಕೇಳುವ ಸಹಾಯಕಿಯ ಹೆಸರು ಅಲೆಕ್ಸಾ. ಭಾರತಕ್ಕೆ ಎಕೋ ಬಂದದ್ದು 2017ರಲ್ಲಿ, ಹಿಂದಿ ಕಲಿತದ್ದು 2019ರಲ್ಲಿ. ಕನ್ನಡ ಅದರ ಭಾಷೆಗಳ ಪಟ್ಟಿಯಲ್ಲಿಲ್ಲ. ಇಂಗ್ಲಿಷ್ ಮತ್ತು ಹಿಂದಿ ಒಟ್ಟಿಗೆ ಕೇಳಿಸಿಕೊಳ್ಳುವ ಹಾಗೆ ಇಟ್ಟೆ. ಅತ್ತೆ ಇಷ್ಟು ವರ್ಷ ತರಕಾರಿ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಪಳಗಿಸಿದ ಮುಂಬೈ ಹಿಂದಿ ಇಲ್ಲಿ ಕೆಲಸಕ್ಕೆ ಬಂತು. "ಅಲೆಕ್ಸಾ, ಲೈಟ್ ಚಾಲೂ ಕರೋ" ಅಂದರೆ ಸಾಕು.

ಆ "ಲೈಟ್" ಯಾವುದು ಅಂತ ಅದಕ್ಕೆ ಹೇಗೆ ಗೊತ್ತು? ಆ್ಯಪಿನಲ್ಲಿ ಕೋಣೆಗೊಂದು ಗ್ರೂಪ್ ಮಾಡಿ, ಆ ಕೋಣೆಯ ದೀಪದ ಜೊತೆ ಸ್ಪೀಕರನ್ನೂ ಅದೇ ಗ್ರೂಪಿಗೆ ಸೇರಿಸಬೇಕು. ಆಗ ಬರೀ ಲೈಟ್ ಅಂದರೆ ಆ ಕೋಣೆಯ ದೀಪವೇ. ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಸುಮ್ನೆ "ಬೆಡ್‌ರೂಮ್ ಸೀಲಿಂಗ್ ಲೈಟ್ ಒನ್" ಅಂತ ಹೆಸರಿಟ್ಟು ವಯಸ್ಸಾದವರ ಬಾಯಲ್ಲಿ ಪಾಠ ಒಪ್ಪಿಸುತ್ತಾರೆ.

ಆದರೂ ಅತ್ತೆಗೆ ನಿದ್ದೆಗಣ್ಣಲ್ಲಿ ಕನ್ನಡವೇ ಬರುವುದು. ಅದಕ್ಕೆ ರೂಟೀನ್ ಬಳಸಿದೆ. ರೂಟೀನಿನಲ್ಲಿ ನಮಗೆ ಬೇಕಾದ ಮಾತನ್ನೇ ಬರೆದು, ಅದು ಕೇಳಿಸಿದಾಗ ಏನು ಮಾಡಬೇಕು ಅಂತ ಹೇಳಬಹುದು. "ದೀಪ ಹಾಕು" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಕೆಲವು ಸಲ ಹಿಡಿಯಿತು, ಕೆಲವು ಸಲ ಇಲ್ಲ. ಆಗ ಆ್ಯಪಿನ ವಾಯ್ಸ್ ಹಿಸ್ಟರಿ ತೆಗೆದು ನೋಡಿದೆ. ನಾವು ಹೇಳಿದ್ದು ಅದಕ್ಕೆ ಹೇಗೆ ಕೇಳಿಸಿತು ಅಂತ ಅಲ್ಲಿ ಅಕ್ಷರದಲ್ಲೇ ಇರುತ್ತದೆ. "ದೀಪ ಹಾಕು" ಒಮ್ಮೆ "ದೀಪಕ್ ಕೋ" ಆಗಿತ್ತು, ಇನ್ನೊಮ್ಮೆ "ದೀಪಾ ಆಗೂ". ಆ ತಪ್ಪು ಮಾತುಗಳನ್ನೇ ಅದೇ ರೂಟೀನಿಗೆ ಸೇರಿಸಿಬಿಟ್ಟೆ. ಈಗ ಅತ್ತೆ ಹೇಗೆ ಹೇಳಿದರೂ ಹೆಚ್ಚುಕಮ್ಮಿ ದೀಪ ಹೊತ್ತುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರಿಗೂ ಈ ಉಪಾಯ ನಡೆಯುತ್ತದೆ.

ರಾತ್ರಿ ಎರಡು ಗಂಟೆಗೆ ಅದು "ಓಕೆ" ಅಂತ ಜೋರಾಗಿ ಉತ್ತರ ಕೊಟ್ಟರೆ ಮನೆಮಂದಿಗೆಲ್ಲ ಎಚ್ಚರ. ಬ್ರೀಫ್ ಮೋಡ್ ಹಾಕಿದರೆ ಮಾತಿನ ಬದಲು ಒಂದು ಸಣ್ಣ ಸದ್ದು. ವಿಸ್ಪರ್ ಮೋಡ್ ಇದ್ದರೆ ಪಿಸುಗುಟ್ಟಿ ಹೇಳಿದ್ದಕ್ಕೆ ಪಿಸುಗುಟ್ಟಿಯೇ ಉತ್ತರ. ಬಾತ್‌ರೂಮಿಗೆ ಮಾತ್ರ ಮಾತಿನ ಗೊಡವೆಯೇ ಬೇಡ ಅಂತ ನನ್ನ ಅಭಿಪ್ರಾಯ. ಅಲ್ಲಿಗೆ ಬ್ಯಾಟರಿಯ ಮೋಷನ್ ಸೆನ್ಸರ್ ದೀಪ ಅಂಟಿಸಿದ್ದೇನೆ. ಕಾಲಿಟ್ಟರೆ ಹೊತ್ತುತ್ತದೆ, ಅಷ್ಟೇ.

ಒಂದೇ ಒಂದು ಸ್ಮಾರ್ಟ್ ಬಲ್ಬ್ ಇರುವುದು ಅತ್ತೆಯ ಮಂಚದ ಪಕ್ಕದ ಲ್ಯಾಂಪಿನಲ್ಲಿ, ಗೋಡೆಯ ಸ್ವಿಚ್ಚಿಗೆ ಯಾರೂ ಕೈ ಹಾಕದ ಜಾಗದಲ್ಲಿ. 2700 ಕೆಲ್ವಿನ್ನಿನ ಹಳದಿ ಬೆಳಕು, ರಾತ್ರಿ ಶೇಕಡ 10ರಷ್ಟು. ಇಂಥ ಬಲ್ಬ್ ಕೊಂಡರೆ ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ ಮೊದಲು ಹುಡುಕಿ, ಹಿಂದೆ ಇದ್ದ ಹಾಗೇ ಇರಲಿ ಅಂತ ಇಡಿ. ಇಲ್ಲದಿದ್ದರೆ ಕರೆಂಟ್ ಬಂದ ಕೂಡಲೇ ನಡುರಾತ್ರಿ ಮುಖಕ್ಕೆ ಪೂರ್ತಿ ಬೆಳಕು. ಒಂದು ಕೋಟಿ ಅರವತ್ತು ಲಕ್ಷ ಬಣ್ಣ ಬರುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಮಕ್ಕಳು ಬಂದಾಗ ಒಂದು ಸಂಜೆ ನೋಡಿದ್ದು, ಆಮೇಲೆ ಯಾರೂ ಮುಟ್ಟಿಲ್ಲ.

ಫ್ಯಾನಿಗೆ ರಿಲೇ ಹಾಕಿದರೆ ಆನ್-ಆಫ್ ಮಾತ್ರ, ಸ್ಪೀಡ್ ಇಲ್ಲ. ನಮ್ಮ ಫ್ಯಾನ್ ಹೇಗೂ ಹಳೆಯದಾಗಿತ್ತು, ಅಲೆಕ್ಸಾ ಜೊತೆ ಮಾತಾಡುವ ಬಿಎಲ್‌ಡಿಸಿ ಫ್ಯಾನ್ ತಂದೆವು. ಸಾದಾ ಫ್ಯಾನ್ ಪೂರ್ತಿ ಸ್ಪೀಡಿನಲ್ಲಿ ಸುಮಾರು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ಮುಂಬೈಯಲ್ಲಿ ಹೆಚ್ಚುಕಮ್ಮಿ ವರ್ಷವಿಡೀ ಫ್ಯಾನ್ ತಿರುಗುವುದರಿಂದ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಹಾಕುವಾಗ ಹಳೇ ರೆಗ್ಯುಲೇಟರನ್ನು ಬೋರ್ಡಿನಿಂದ ತೆಗೆಸಿಬಿಡಿ.

ಗೀಸರಿಗೆ ಬೇರೆ ಲೆಕ್ಕ. 2000 ವ್ಯಾಟಿನ ಗೀಸರ್ 230 ವೋಲ್ಟಿಗೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3000 ವ್ಯಾಟಿನದ್ದು 13. ಅದಕ್ಕೆ 16 ಆಂಪಿಯರಿನ ಸ್ಮಾರ್ಟ್ ಪ್ಲಗ್ಗೇ ಬೇಕು. 6 ಅಥವಾ 10 ಆಂಪಿಯರಿನದ್ದು ಅಗ್ಗ ಅಂತ ಸಿಕ್ಕಿಸಬೇಡಿ. ಬೆಳಿಗ್ಗೆ ಐದೂವರೆಗೆ ಆನ್, ಇಪ್ಪತ್ತು ನಿಮಿಷಕ್ಕೆ ತಾನೇ ಆಫ್. ಇವರು ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿ ಗೀಸರ್ ಆರಿಸಿದೆನಾ ಅಂತ ದಾರಿಯಲ್ಲಿ ಥಾಣೆಯಿಂದ ಫೋನ್ ಮಾಡುವುದು ನಿಂತಿತು. ಮಾತಿನಲ್ಲಿ ಗೀಸರ್ ಹಾಕುವ ಅವಕಾಶ ಮಾತ್ರ ಇಟ್ಟಿಲ್ಲ. ಟಿವಿಯಲ್ಲಿ ಯಾರೋ ಏನೋ ಅಂದದ್ದಕ್ಕೆ ನೀರು ಕಾಯಬಾರದಲ್ಲ.

ಬಾಲ್ಕನಿಯ ದೀಪಕ್ಕೆ ಗಂಟೆ ಇಡಬೇಡಿ, ಸೂರ್ಯಾಸ್ತ ಅಂತ ಇಡಿ. ಇಲ್ಲಿ ಜುಲೈ ಶುರುವಿನಲ್ಲಿ ಹೊತ್ತು ಮುಳುಗುವುದು ಏಳು ಇಪ್ಪತ್ತರ ಹೊತ್ತಿಗೆ, ನವೆಂಬರ್ ಕೊನೆಗೆ ಆರು ಗಂಟೆಯ ಹೊತ್ತಿಗೇ. ಆ್ಯಪ್ ಊರಿನ ಲೆಕ್ಕ ನೋಡಿ ತಾನೇ ಹೊಂದಿಸಿಕೊಳ್ಳುತ್ತದೆ. ದೀಪಾವಳಿಯಲ್ಲಿ ಬಾಲ್ಕನಿಯ ಆ ದೀಪದ ಪ್ಲಗ್ಗಿಗೆ ಆಕಾಶ ಕಂದೀಲು ಸಿಕ್ಕಿಸುತ್ತೇವೆ. ದೇವರ ಮುಂದಿನ ದೀಪ ಮಾತ್ರ ಅತ್ತೆಯ ಕೈಯಲ್ಲೇ, ಎಣ್ಣೆ ಬತ್ತಿಯದ್ದೇ.

ಮೈಕ್ ಯಾವಾಗಲೂ ಕೇಳಿಸಿಕೊಳ್ಳುತ್ತಾ ಇರುತ್ತದಲ್ಲ ಅಂತ ಕೆಲವರಿಗೆ ಮುಜುಗರ. ನನಗೂ ಇದೆ. ಮೇಲಿನ ಗುಂಡಿ ಒತ್ತಿದರೆ ಮೈಕ್ ಬಂದ್, ಕೆಂಪು ದೀಪ ಬರುತ್ತದೆ. ಸಂಬಂಧಿಕರು ಬಂದು ಮಾತಿಗೆ ಕೂತಾಗ ಒತ್ತುತ್ತೇನೆ. ಹಳೇ ರೆಕಾರ್ಡಿಂಗ್ ಆ್ಯಪಿನಲ್ಲೇ ಅಳಿಸಬಹುದು.

ಬಾಡಿಗೆ ಮನೆಯವರಿಗೆ ಒಂದು ಮಾತು. ಎಲ್ಲವನ್ನೂ ಒಂದೇ ಖಾತೆಯಲ್ಲಿ ಸೇರಿಸಿ, ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ. ಬೋರ್ಡ್ ಬಿಚ್ಚುವ ಮೊದಲು ವೈರುಗಳ ಫೋಟೋ ತೆಗೆದಿಡಿ, ಮನೆ ಬಿಡುವಾಗ ಮಾಡ್ಯೂಲ್ ತೆಗೆದು ಇದ್ದ ಹಾಗೇ ಜೋಡಿಸಿಕೊಡಬಹುದು. ಬಿಟ್ಟೇ ಹೋಗುವುದಾದರೆ ಆ್ಯಪಿನಿಂದ ಅಳಿಸಿ ಹೋಗಿ. ಎಷ್ಟೋ ಮಾಡ್ಯೂಲುಗಳು ಹಳೇ ಖಾತೆಗೇ ಅಂಟಿಕೊಂಡಿರುತ್ತವೆ, ಮುಂದೆ ಬಂದವರು ತಮ್ಮ ಫೋನಿಗೆ ಸೇರಿಸಲು ಹೋದರೆ ಆಗುವುದಿಲ್ಲ.